ಆರು ಬೆಕ್ಕು, ಎರಡು ಬಾಟಲಿ

ಇಲ್ಲ, ಆ ಮೊದಲ ಬಾಟಲಿಯ ಮುಚ್ಚಳ ಬಿಚ್ಚಿದವನು ಕಾಂಪೌಂಡರ ಅಲ್ಲ, ನಾನೇ ಇರಬೇಕು. ಇಷ್ಟು ವರ್ಷ ಯಾರಿಗೆ ಹೇಳಿದರೂ ಬಾಟಲಿಯನ್ನು ಅವನ ಕೈಯಲ್ಲಿಟ್ಟೇ ಹೇಳುತ್ತಿದ್ದೆ. ಅವನು ಚೀಲಕ್ಕೆ ಕೈ ಹಾಕುತ್ತಾನೆ, ಬೆಕ್ಕಿನ ಕಣ್ಣಿಗೆ ಎರಡು ಹನಿ ಬಿಡುತ್ತಾನೆ. ನಾನು ಹತ್ತು ಹೆಜ್ಜೆ ಆಚೆ ಎಮ್ಮೆಯ ಹತ್ತಿರ ತೋಳು ತೊಳೆದುಕೊಳ್ಳುತ್ತಾ ನಿಂತಿರುತ್ತೇನೆ. ಚಿತ್ರ ಬಹಳ ನಿಚ್ಚಳವಾಗಿದೆ. ನನಗೆ ಅನುಮಾನ ಬಂದದ್ದೂ ಅದಕ್ಕೇ. ಒಂದು ತಾಸು ಎಮ್ಮೆಯ ಹೊಟ್ಟೆಯೊಳಗೆ ಭುಜದವರೆಗೆ ಕೈ ತೂರಿಸಿ ಸತ್ತ ಕರುವನ್ನು ಎಳೆದವನಿಗೆ, ದೂರದಲ್ಲಿ ಯಾರು ಯಾವ ಮುಚ್ಚಳ ಬಿಚ್ಚಿದರು ಎನ್ನುವುದು ಹಾಗೆ ಕಾಣುವುದಿಲ್ಲ.

ಎಂಬತ್ತರ ದಶಕ ಮುಗಿಯುತ್ತಿತ್ತು, ಅಥವಾ ಆಗಲೇ ಮುಗಿದಿತ್ತು. ನಾನು ಮಸ್ಕಿಯಲ್ಲಿ ದನದ ಡಾಕ್ಟರು. ವಾರಕ್ಕೆ ಎರಡು ದಿನ ಸಿಂಧನೂರಿನ ಕಡೆಯ ಕೆಲಸವೂ ನನ್ನ ಕೊರಳಿಗೆ ಬಿದ್ದಿತ್ತು. ಸಿಂಧನೂರು ದಾಟಿ ಜವಳಗೇರಾ ಕಡೆ ಹೋಗುವ ರಸ್ತೆಯಲ್ಲಿ ಒಂದು ಅಕ್ಕಿ ಗಿರಣಿ ಇತ್ತು; ಅದರ ಹಿಂದೆ ಮಾಲೀಕನ ಎಮ್ಮೆಗಳು. ಒಂದು ಎಮ್ಮೆಗೆ ಕರು ಅಡ್ಡ ಸಿಕ್ಕಿದೆ ಎಂದು ಕರೆ ಬಂದಿತ್ತು. ಎಮ್ಮೆ ಉಳಿಯಿತು, ಕರು ಉಳಿಯಲಿಲ್ಲ. ಮಾಲೀಕ ಸತ್ತ ಕರುವನ್ನು ನೋಡಿದ, ನನ್ನನ್ನು ನೋಡಿದ, ಒಳಗೆ ಹೋದ.

ಆಗ ಗಿರಣಿಯಲ್ಲಿ ಕಸ ಹೊಡೆಯುವ ಹೆಂಗಸು ಸೆರಗಿನಲ್ಲಿ ಒಂದು ಹಳದಿ ಬೆಕ್ಕನ್ನು ಸುತ್ತಿಕೊಂಡು ಬಂದಳು. ನಲವತ್ತೈದರ ಆಸುಪಾಸು. ಕೂದಲು, ಹುಬ್ಬು, ರೆಪ್ಪೆಯ ಮೇಲೆಲ್ಲ ತೌಡಿನ ಧೂಳು.

"ಸಾಹೇಬ್ರ, ಇದಕ್ಕೊಂದು ಹನಿ ಹಾಕ್ರಿ. ಮೂರು ದಿನಾತು, ಎಡಗಣ್ಣ ತೆರೆದಿಲ್ಲ. ಸೀನು ಬ್ಯಾರೆ."

ಕಣ್ಣು ಕೆಂಪಾಗಿತ್ತು, ನೀರು ಸುರಿಯುತ್ತಿತ್ತು. ಚೀಲದಲ್ಲಿ ಕೆಂಪು ಬೇಗ ಇಳಿಸುವ ಹನಿಯ ಬಾಟಲಿ ಇತ್ತು. ಸೋಂಕಿನ ಔಷಧಿಯ ಜೊತೆ ಸ್ಟೆರಾಯ್ಡ್ ಬೆರೆಸಿದ್ದು. ದನಗಳ ಕಣ್ಣಿಗೆ ಅದನ್ನೇ ಹಾಕುತ್ತಿದ್ದೆವು. ದಿನಕ್ಕೆ ನಾಲ್ಕು ಸಲ ಎಂದು ಹೇಳಿ ಅವಳ ಕೈಗೆ ಕೊಟ್ಟದ್ದಾಯಿತು. 'ಕೊಟ್ಟದ್ದಾಯಿತು' ಎಂದು ಬರೆಯುತ್ತಿದ್ದೇನೆ. ಈ ವಾಕ್ಯದಲ್ಲಿ ಕೊಟ್ಟವರು ಯಾರೂ ಇಲ್ಲ. ಇಂಥ ವಾಕ್ಯಗಳನ್ನು ನಾನು ಬಹಳ ಸಲೀಸಾಗಿ ಬರೆಯುತ್ತೇನೆ.

ಎರಡು ದಿನ ಕೆಂಪು ಇಳಿಯಿತಂತೆ, ಬೆಕ್ಕು ಕಣ್ಣು ಬಿಟ್ಟಿತಂತೆ. ಆಮೇಲೆ ಕರಿಗುಡ್ಡೆಯ ಮೇಲೆ ಬಿಳಿ ಪೊರೆ. ಎಂಟೋ ಒಂಬತ್ತೋ ದಿನಕ್ಕೆ ಗುಡ್ಡೆ ಒಡೆದುಹೋಯಿತು. ಅವಳು ಬಸ್ಸು ಹತ್ತಿ ಮಸ್ಕಿಗೆ ಬಂದು, ಪ್ಲಾಸ್ಟಿಕ್ ವಾಯರಿನ ಬುಟ್ಟಿಯನ್ನು ನನ್ನ ಮೇಜಿನ ಮೇಲಿಟ್ಟು ಬಾಯಿಗೆ ಕಟ್ಟಿದ್ದ ಅರಿವೆ ತೆಗೆದಳು.

"ನೋಡ್ರಿ," ಅಂದಳು. ಅಷ್ಟೇ.

ನೋಡಿದೆ. ಎಡಗಣ್ಣು ಇರಲಿಲ್ಲ. ಬಲಗಣ್ಣು ಅರ್ಧ ಮುಚ್ಚಿಕೊಂಡು ನೀರು ಸುರಿಸುತ್ತಿತ್ತು.

"ಇನ್ನೂ ಐದು ಬೆಕ್ಕಿಗೆ ಸುರುವಾಗೇತಿ," ಅಂದಳು. "ಅವಕ್ಕೂ ಇದನ್ನ ಹಾಕ್ಲೇನು?"

ಅದು ಪ್ರಶ್ನೆಯಲ್ಲ, ಚುಚ್ಚುಮಾತು. ನನಗೆ ಮೈ ಉರಿಯಿತು. ಬೆಕ್ಕಿನ ಸಲುವಾಗಿ ಯಾರೂ ನಮ್ಮಲ್ಲಿಗೆ ಬರುತ್ತಿರಲಿಲ್ಲ. ನಾವು ಬರೆದಿಡುವ ಪುಸ್ತಕದಲ್ಲಿ ಬೆಕ್ಕಿಗೆ ಜಾಗವೇ ಇರಲಿಲ್ಲ. ಓದುವಾಗ ಎಲ್ಲರಿಗಿಂತ ಮುಂದಿದ್ದ ನಾನು ಈ ಊರಲ್ಲಿ ಹೋರಿಗಳ ಬೀಜ ಒಡೆಯುತ್ತಾ ಕುಳಿತಿದ್ದೆ. ಈಗ ಕಸ ಹೊಡೆಯುವವಳು ಬಂದು ಬೆಕ್ಕಿನ ಲೆಕ್ಕ ಕೇಳುತ್ತಿದ್ದಾಳೆ. ಹೀಗೆಯೇ ಅಂದುಕೊಂಡೆ. ಮೆತ್ತಗೆ ಮಾಡಿ ಬರೆದು ಪ್ರಯೋಜನವಿಲ್ಲ.

ಲಿಂಗಸುಗೂರಿನಲ್ಲಿ ಮನುಷ್ಯರ ಕಣ್ಣಿನ ಡಾಕ್ಟರೊಬ್ಬರಿದ್ದರು, ವಯಸ್ಸಾದವರು. ಅವರಿಗೆ ತೋರಿಸುತ್ತೇನೆ, ಬೆಕ್ಕನ್ನು ಬಿಟ್ಟು ಹೋಗು ಅಂದೆ.

"ನಿಮ್ಮ ಕೈಯಾಗ ಬಿಡಂಗಿಲ್ರಿ. ನಾನೂ ಬರ್ತೀನಿ."

ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಬುಟ್ಟಿಯನ್ನು ಇಣುಕಿ ನೋಡಿ ಬಾಗಿಲಿಗೆ ಅಡ್ಡ ನಿಂತ. "ಬೆಕ್ಕು ಹತ್ತಿಸಂಗಿಲ್ಲ. ಅಡ್ಡ ಹೋದ್ರನ ನಮ್ಮ ಡ್ರೈವರ್ ಗಾಡಿ ನಿಲ್ಲಸ್ತಾನ. ಒಳಗ ಕುಂತ್ರ ಏನ್ ಮಾಡಬೇಕು?"

"ಒಳಗ ಕುಂತದ್ದು ಅಡ್ಡ ಹೆಂಗ ಹೋಗ್ತೈತಪ್ಪಾ," ಅಂದಳು ಅವಳು. "ನೀ ಸೀಟಿ ಊದು."

ಬಸ್ಸಿನಲ್ಲಿ ಯಾರೋ ನಕ್ಕರು. ಕಂಡಕ್ಟರ್ ನಗಲಿಲ್ಲ, ಆದರೆ ಸೀಟಿ ಊದಿದ. ಇದನ್ನು ಬರೆಯುವಾಗ ಆ ನಗೆ ನನಗೂ ಬರುತ್ತಿದೆ. ಅವತ್ತು ಬಂದಿರಲಿಲ್ಲ. ನಾಲ್ಕು ಸೀಟು ಹಿಂದೆ, ಅವಳ ಜೊತೆ ಬಂದವನಲ್ಲ ಎನ್ನುವ ಹಾಗೆ ಕಿಟಕಿ ನೋಡುತ್ತಾ ಕುಳಿತಿದ್ದೆ.

ಕಣ್ಣಿನ ಡಾಕ್ಟರಲ್ಲಿ ಇಪ್ಪತ್ತು ಜನರ ಪಾಳಿ. "ಮನಷ್ಯಾರ ಪಾಳ್ಯಾಗ ಬೆಕ್ಕು ತಂದಾರ ನೋಡ" ಎಂದು ಒಬ್ಬ ಗೊಣಗಿದ. ನಾವು ಕೊನೆಯವರಾಗಿ ಒಳಗೆ ಹೋದೆವು. ಡಾಕ್ಟರು ಬಯ್ಯುತ್ತಲೇ ಕಿತ್ತಳೆ ಬಣ್ಣದ ಸಣ್ಣ ಕಾಗದದ ಪಟ್ಟಿಯೊಂದನ್ನು ಒದ್ದೆ ಮಾಡಿ ಬೆಕ್ಕಿನ ಉಳಿದ ಕಣ್ಣಿಗೆ ತಾಗಿಸಿದರು. ಕಿಟಕಿ ಮುಚ್ಚಿಸಿ ನೀಲಿ ಬೆಳಕು ಬಿಟ್ಟರು. ಕರಿಗುಡ್ಡೆಯ ಮೇಲೆ ಹಸಿರು ಗೆರೆಗಳು ಹೊಳೆದವು. ಗಿಡದ ಟೊಂಗೆ ಕವಲೊಡೆದ ಹಾಗೆ.

"ಹಿಂಗ ಟೊಂಗಿ ಕಂಡ್ರ ಇದು ಹರ್ಪಿಸ್," ಅಂದರು. "ಮನಷ್ಯಾರದು ಬ್ಯಾರೆ, ಬೆಕ್ಕಿಂದು ಬ್ಯಾರೆ, ಖರೇ. ಆದ್ರ ಅಣ್ಣತಮ್ಮರು. ಇದಕ್ಕ ಸ್ಟೆರಾಯ್ಡ್ ಹಾಕೋದಂದ್ರ ವೈರಸ್ಸಿಗೆ ಊಟಾ ಬಡಿಸಿದಂಗ. ಆ ಕಣ್ಣಿಗೆ ಹಾಕಿದ್ದು ಯಾರು?"

"ಕಾಂಪೌಂಡರ," ಅಂದೆ.

ಅವಳು ಬುಟ್ಟಿ ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದಳು. ತಲೆ ತಿರುಗಿಸಿ ನನ್ನನ್ನು ನೋಡಿದಳು, ಅಷ್ಟೆ. ಕಾಂಪೌಂಡರ ಚೀಲಕ್ಕೆ ಕೈ ಹಾಕುವ ಆ ನಿಚ್ಚಳ ಚಿತ್ರ ಗಿರಣಿಯ ಹಿತ್ತಲಿನಲ್ಲಿ ಹುಟ್ಟಿದ್ದಲ್ಲ, ಆ ಕತ್ತಲೆ ಕೋಣೆಯಲ್ಲಿ ಹುಟ್ಟಿದ್ದು ಎಂದು ಈಗ ನನ್ನ ಊಹೆ. ಊಹೆ ಮಾತ್ರ.

ಔಷಧಿ ಇತ್ತು. ಮನುಷ್ಯರ ಕಣ್ಣಿಗೆ ಬಳಸುತ್ತಿದ್ದ ಐಡಾಕ್ಸುರಿಡಿನ್ ಎಂಬ ಹಳೆಯ ಹನಿ. ಹೊಸದೊಂದು ಮುಲಾಮು ಬಂದಿದೆ, ಬೆಕ್ಕಿನ ವೈರಸ್ಸಿಗೆ ಅದು ನಾಟುತ್ತದೋ ಇಲ್ಲವೋ ತಿಳಿಯದು ಅಂದರು. ಹಳೆಯ ಹನಿಯದು ಒಂದೇ ತೊಂದರೆ. ಕಣ್ಣೀರಿನ ಜೊತೆ ಬೇಗ ಕೊಚ್ಚಿಹೋಗುತ್ತದೆ, ಗಂಟೆಗೊಮ್ಮೆ ಹಾಕಬೇಕು. ಗಿರಣಿಯಲ್ಲಿ ಕೆಲಸ ಮಾಡುವವಳು ಆರು ಬೆಕ್ಕು ಹಿಡಿದು ಗಂಟೆಗೊಮ್ಮೆ ಹನಿ ಬಿಡುವುದು ಆಗದ ಮಾತು. ಹನಿ ಕಣ್ಣಲ್ಲಿ ನಿಲ್ಲುವಂತೆ ಮಾಡಬಹುದೇ? ಕಣ್ಣಿನ ಆಪರೇಷನ್ನಿಗೆ ಬಳಸುವ ಒಂದು ಅಂಟಿನ ಪುಡಿ ಇದೆಯಲ್ಲ, ಅದರಲ್ಲಿ ಔಷಧಿ ಬೆರೆಸಿದರೆ? ಇದು ನನಗೆ ಹೊಳೆಯಿತೋ, ಅವರು ಹೇಳಿದರೋ. ನನಗೇ ಹೊಳೆಯಿತು ಎಂದು ಬಹಳ ವರ್ಷ ಹೇಳಿಕೊಂಡಿದ್ದೇನೆ. ಪುಡಿಯನ್ನೂ ಒಂದು ಹಿಡಿ ಬಣ್ಣದ ಪಟ್ಟಿಗಳನ್ನೂ ಕೊಟ್ಟವರು ಅವರು.

ಆ ದಿನ ವಾಪಸ್ಸು ಬರುವಾಗ ನನ್ನ ತಲೆಯಲ್ಲಿ ಬೆಕ್ಕು ಇರಲಿಲ್ಲ. ಒಂದು ಲೇಖನ ಇತ್ತು. ಬೆಕ್ಕಿನ ಕಣ್ಣಿನ ಹರ್ಪಿಸ್‌ಗೆ ದಿನಕ್ಕೆ ಐದೇ ಸಲ ಹಾಕಿದರೆ ಸಾಕಾಗುವ ಹೊಸ ಹನಿ. ಕೆಳಗೆ ನನ್ನ ಹೆಸರು. ಅದನ್ನು ಓದಿ ಯಾವುದೋ ದೊಡ್ಡ ಊರಿನಿಂದ ಕರೆ. ಮಸ್ಕಿಯಿಂದ ಹೊರಗೆ ಹೋಗುವ ದಾರಿ ಆ ಒಂದು ಕಣ್ಣಿನ ಬೆಕ್ಕಿನ ಮೂಲಕ ಹಾದುಹೋಗಿತ್ತು.

ಅವಳ ತಲೆಯಲ್ಲಿ ಏನಿತ್ತು ಎಂಬುದು ಮರುವಾರ ಗಿರಣಿಯಲ್ಲಿ ತಿಳಿಯಿತು. ಹೊಟ್ಟಿನ ರಾಶಿಯ ಪಕ್ಕ ತಗಡು ಹೊದಿಸಿದ ಒಂದು ಮರೆಯಲ್ಲಿ ಅವಳ ವಾಸ. ಊರು ಸಾಲಗುಂದ, ಅಲ್ಲಿ ಅವಳಿಗೆ ಕಾಲಿಡಲು ಮನೆ ಉಳಿದಿರಲಿಲ್ಲ. ಬೆಕ್ಕುಗಳನ್ನು ನೋಡಿಕೊಳ್ಳಲಿ ಎಂದೇ ಮಾಲೀಕ ಆ ತಗಡಿನ ಮರೆ ಕೊಟ್ಟಿದ್ದ. ಅವನು ನನ್ನನ್ನು ಕಚೇರಿಗೆ ಕರೆಸಿ ಎದುರಿಗೆ ಕೂಡಿಸಿದ. ತೆಲುಗು ಕಲಸಿದ ಕನ್ನಡ ಅವನದು.

"ಏಮ್ ಡಾಕ್ಟರ್ ಗಾರು, ಎಮ್ಮಿ ಕರು ಸತ್ತಿತು, ಈಗ ಬೆಕ್ಕಿಗೆ ಬಂದ್ರಿ. ಹೊಸಾ ಭತ್ತ ಬರಾಕ ಒಂದೂವರೆ ತಿಂಗಳು ಐತಿ. ಅಷ್ಟರಾಗ ಬೆಕ್ಕು ಕಣ್ಣು ಬಿಟ್ಟು ಇಲಿ ಹಿಡೀಬೇಕು. ಇಲ್ಲಾಂದ್ರ ಗೋಡೌನ್ ತುಂಬಾ ಇಲಿಪಾಷಾಣ ಇಡಸ್ತೀನಿ."

"ಬೆಕ್ಕೂ ಸಾಯ್ತಾವಲ್ರಿ."

"ಕುರುಡು ಬೆಕ್ಕು ಇದ್ದರೇನು, ಸತ್ತರೇನು."

"ಆಮ್ಯಾಲ ಆಕಿ?"

"ಬೆಕ್ಕಿಲ್ಲಂದ್ರ ಆಕಿಗೆ ಇಲ್ಲೇನು ಕೆಲಸಾ ರೀ. ಕಸಾ ಹೊಡ್ಯಾಕ ಹತ್ತು ಮಂದಿ ಬರ್ತಾರ."

ಅವಳು ಬಾಗಿಲ ಹೊರಗೆ ಪೊರಕೆ ಹಿಡಿದು ನಿಂತಿದ್ದಳು. ಇದೆಲ್ಲ ಅವಳಿಗೆ ಹೊಸ ಮಾತಲ್ಲ ಎಂದು ಮುಖ ಹೇಳುತ್ತಿತ್ತು. ನಾನು ಹೊರಗೆ ಬಂದಾಗ ಕೇಳಿದಳು: "ಭತ್ತ ಬರೋದ್ರಾಗ ಆಗ್ತೈತೇನ್ರಿ?"

"ಆಗ್ತೈತಿ," ಅಂದೆ. ಗೊತ್ತಿಲ್ಲದೆ ಅಂದೆ.

ಮೂರು ಭಾನುವಾರ ಮಸ್ಕಿಯ ನನ್ನ ಬಾಡಿಗೆ ಕೋಣೆಯಲ್ಲಿ ಸೀಮೆಎಣ್ಣೆ ಸ್ಟವ್ವಿನ ಮೇಲೆ ಆ ಪುಡಿಯನ್ನು ಕುದಿಸಿದೆ, ಪ್ರೆಶರ್ ಕುಕ್ಕರಿನಲ್ಲಿ ಬಾಟಲಿಗಳನ್ನು ಬೇಯಿಸಿದೆ. ಮೊದಲ ಸಲ ಗಂಟುಗಂಟಾಯಿತು. ಎರಡನೆಯ ಸಲ ಅಂಬಲಿ. ಕಾಂಪೌಂಡರ ಬೆರಳಿಗೆ ಹಚ್ಚಿಕೊಂಡು ನೋಡಿ, "ಸಾಹೇಬ್ರ, ಸಿನಿಮಾ ಪೋಸ್ಟರ್ ಹಚ್ಚಾಕ ಇದು ಬರೋಬ್ಬರಿ ಐತಿ" ಅಂದ. ಅವನಿಗೆ ನನಗಿಂತ ಇಪ್ಪತ್ತು ವರ್ಷ ಹೆಚ್ಚು ವಯಸ್ಸು. ನಾನು ಲಿಂಗಸುಗೂರಿನಲ್ಲಿ ಅವನ ಹೆಸರು ಹೇಳಿದ್ದು ಅವನಿಗೆ ಆಗ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದೂ ಹಾಗೆ ಇದ್ದ. ಪುಡಿಯನ್ನು ಬಿಸಿನೀರಿನಲ್ಲಿ ನೆನೆಸಿ ಆಮೇಲೆ ಮಂಜುಗಡ್ಡೆಯಲ್ಲಿ ತಣಿಸಬೇಕು ಎನ್ನುವುದು ನಾಲ್ಕನೆಯ ಸಲಕ್ಕೆ ತಿಳಿಯಿತು. ತಿಳಿಯಾದ, ಸ್ವಲ್ಪ ಎಳೆ ಬರುವ ದ್ರವ. ನನ್ನ ಕಣ್ಣಿಗೇ ಒಂದು ಹನಿ ಬಿಟ್ಟುಕೊಂಡು ನೋಡಿದೆ. ಸುಮಾರು ಹೊತ್ತು ಎಲ್ಲವೂ ಮಸುಕಾಗಿತ್ತು. ಹನಿ ನಿಲ್ಲುತ್ತಿದೆ ಎನ್ನುವುದಕ್ಕೆ ಅದೇ ಸಾಕ್ಷಿ ಎಂದು ಹಿಗ್ಗಿದೆ.

ಈಗ ಪರೀಕ್ಷೆ. ಬೆಕ್ಕಿನ ಈ ರೋಗ ಕೆಲವು ಸಲ ತಾನಾಗಿಯೇ ಇಳಿಯುತ್ತದೆ. ಎಲ್ಲಕ್ಕೂ ಔಷಧಿ ಹಾಕಿ ಎಲ್ಲವೂ ಗುಣವಾದರೆ ಔಷಧಿಯಿಂದಲೋ ತಾನಾಗಿಯೋ ಎಂದು ಹೇಳಲಾಗುವುದಿಲ್ಲ. ಆದ್ದರಿಂದ ಎರಡು ಬಾಟಲಿ ಮಾಡಿದೆ. ಒಂದರಲ್ಲಿ ಔಷಧಿ ಬೆರೆಸಿದ ಅಂಟು, ಅದರ ಕುತ್ತಿಗೆಗೆ ಕೆಂಪು ದಾರ. ಇನ್ನೊಂದರಲ್ಲಿ ಬರೀ ಅಂಟು, ಅದಕ್ಕೆ ಬಿಳಿ ದಾರ. ಮೂರು ಬೆಕ್ಕಿಗೆ ಕೆಂಪು, ಮೂರಕ್ಕೆ ಬಿಳಿ. ಬೆಕ್ಕುಗಳ ಕೊರಳಿಗೂ ಅದೇ ಬಣ್ಣದ ದಾರ. ದಿನಕ್ಕೆ ಐದು ಸಲ, ಇಪ್ಪತ್ತೊಂದು ದಿನ. ಯಾವ ಬೆಕ್ಕಿಗೆ ಯಾವುದು ಎನ್ನುವುದು ನನ್ನ ಇಷ್ಟದಂತೆ ಆಗಬಾರದು ಎಂದು ಚೀಟಿ ಎತ್ತಿದೆ.

ಒಂದು ಕಣ್ಣಿನ ಹಳದಿ ಬೆಕ್ಕಿಗೆ ಬಿಳಿ ದಾರ ಬಂತು.

ಚೀಟಿ ಕೈಯಲ್ಲಿ ಹಿಡಿದು ಕುಳಿತದ್ದು ನೆನಪಿದೆ. ಇನ್ನೊಂದು ಸಲ ಎತ್ತಬಹುದಿತ್ತು. ಯಾರು ನೋಡುತ್ತಿದ್ದರು? ಎತ್ತಲಿಲ್ಲ. ಎತ್ತಿದರೆ ಲೇಖನಕ್ಕೆ ಕಳಂಕ. ಅಷ್ಟು ಪ್ರಾಮಾಣಿಕನಾಗಿದ್ದೆ ಎಂದು ಇದನ್ನು ಹೆಮ್ಮೆಯಿಂದಲೂ ಹೇಳಬಹುದು, ಹೇಳಿಯೂ ಇದ್ದೇನೆ. ಆ ಬೆಕ್ಕಿನ ಮೊದಲ ಕಣ್ಣು ಕಳೆದವನು ಎರಡನೆಯ ಕಣ್ಣಿಗೆ ಬರೀ ಅಂಟು ಬಿಡುತ್ತಿದ್ದೇನೆ ಎಂಬುದು ಅದೇ ಪ್ರಾಮಾಣಿಕತೆಯ ಇನ್ನೊಂದು ಮಗ್ಗುಲು.

ಬಾಟಲಿಗಳನ್ನು ಮಂಜುಗಡ್ಡೆ ತುಂಬಿದ ಲಸಿಕೆಯ ಫ್ಲಾಸ್ಕಿನಲ್ಲಿಟ್ಟು ಅವಳಿಗೆ ಒಪ್ಪಿಸಿದೆ.

"ಯಾಕ್ರಿ ಎರಡು?"

"ಎರಡು ಥರಾ ಔಷಧ. ಯಾವುದು ಚಲೋ ನೋಡಬೇಕು."

"ಎರಡೂ ಔಷಧಾ ಅದಾವಾ?"

"ಹೂಂ."

ಸುಳ್ಳು ಹೇಳುವುದೂ ವಿಧಾನದ ಭಾಗ ಎಂದು ಅಂದುಕೊಂಡಿದ್ದೆ. ಹಾಕುವವರಿಗೆ ಯಾವುದರಲ್ಲಿ ಏನಿದೆ ಎಂದು ತಿಳಿಯಬಾರದು. ಪುಸ್ತಕದಲ್ಲಿ ಓದಿದ್ದೆ.

ವಾರಕ್ಕೆ ಎರಡು ಸಲ ಹೋಗಿ ಫ್ಲಾಸ್ಕಿಗೆ ಹೊಸ ಮಂಜುಗಡ್ಡೆ ತುಂಬಿ, ಕಣ್ಣು ನೋಡುತ್ತಿದ್ದೆ. ಬ್ಯಾಟರಿಯ ಬಾಯಿಗೆ ಬೆಳಕು ಹಾಯುವ ನೀಲಿ ಕಾಗದ ಕಟ್ಟಿ, ಗೋಣಿ ಚೀಲಗಳ ಸಂದಿಯ ಕತ್ತಲಲ್ಲಿ ಒಂದೊಂದೇ ಬೆಕ್ಕನ್ನು ಹಿಡಿದು, ಕಣ್ಣಿಗೆ ಬಣ್ಣದ ಪಟ್ಟಿ ತಾಗಿಸಿ, ಹಸಿರು ಟೊಂಗೆಗಳನ್ನು ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದೆ. ಅವಳು ಬೆಕ್ಕಿನ ಕಾಲುಗಳನ್ನು ಹಿಡಿಯುತ್ತಿದ್ದಳು. ನನ್ನ ಕೈಗೆ ಪರಚಿದಾಗಲೆಲ್ಲ ಅವಳ ಮುಖದಲ್ಲಿ ಒಂದು ನೆಮ್ಮದಿ ಕಾಣುತ್ತಿತ್ತು.

"ಏನ್ ಬರ್ಕೊಳ್ಳಾಕತ್ತೀರಿ?"

"ಕಣ್ಣಿನ ಚಿತ್ರ."

"ಹೋದ ಕಣ್ಣಿಂದು ಬರ್ಕೊಂಡೀರೇನು?"

ನಾನು ಮುಂದಿನ ಬೆಕ್ಕಿನ ಕಣ್ಣಿಗೆ ಬ್ಯಾಟರಿ ಹಿಡಿದೆ.

ಕೆಂಪು ದಾರದ ಬೆಕ್ಕುಗಳಲ್ಲಿ ಟೊಂಗೆಗಳು ಸಣ್ಣವಾಗುತ್ತಿದ್ದವು. ಬಿಳಿ ದಾರದವುಗಳಲ್ಲೂ ಸಣ್ಣವಾಗುತ್ತಿದ್ದವು. ಎಲ್ಲವೂ ನಿಧಾನ, ಎಲ್ಲವೂ ಒಂದೇ ವೇಗ. ಹದಿನಾರನೆಯ ದಿನ ನಾಲ್ಕು ಬೆಕ್ಕುಗಳ ಕಣ್ಣು ಹೆಚ್ಚುಕಡಿಮೆ ತಿಳಿಯಾಗಿತ್ತು. ಎರಡು ಕೆಂಪು, ಎರಡು ಬಿಳಿ. ಕೆಂಪು ದಾರದ ಉಳಿದೊಂದು ಬೆಕ್ಕೂ ಬಿಳಿ ದಾರದ ಹಳದಿ ಬೆಕ್ಕೂ ಇನ್ನೂ ಅರ್ಧ ದಾರಿಯಲ್ಲಿದ್ದವು. ನಾನು ಕಾಗದಗಳನ್ನು ಚೀಲಗಳ ಮೇಲೆ ಹರಡಿಕೊಂಡು ಕುಳಿತೆ. ಔಷಧಿಯಿಂದ ಏನೂ ಫರಕ್ ಆಗಿಲ್ಲವೇ? ಅಥವಾ ಬರೀ ಅಂಟೇ ಕಣ್ಣಿಗೆ ಆರೈಕೆಯಾಯಿತೇ? ಇದನ್ನು ಬಾಯಿಬಿಟ್ಟು ಆಡಿರಬೇಕು. ಕಾಂಪೌಂಡರನೂ ಅವತ್ತು ಜೊತೆಗಿದ್ದ, ಅವನಿಗೆ ಹೇಳಿರಬೇಕು.

ಅವಳು ಹಳದಿ ಬೆಕ್ಕನ್ನು ಕೆಳಗೆ ಬಿಟ್ಟಳು.

"ಫರಕ್ ಎಲ್ಲಿಂದ ಬರ್ತೈತ್ರಿ. ನಾ ಎರಡೂ ಕಲಸೀನಿ."

"ಏನು?"

"ಎರಡೂ ಬಾಟ್ಲಿ ಒಂದು ಸ್ವಚ್ಛ ಗಿಲಾಸಿಗೆ ಸುರುವಿ, ಕಲಸಿ, ವಾಪಸ್ ಎರಡಕ್ಕೂ ಹಾಕೀನಿ. ಗಿಲಾಸು ಕುದಿಸಿದ್ದನ್ರಿ."

"ಯಾಕ?"

"ನಾಲಿಗಿ ಹಚ್ಚಿ ನೋಡಿದ್ನಿ. ಕೆಂಪು ದಾರದ್ದು ಸ್ವಲ್ಪ ಕಹಿ. ಬಿಳೀದು ಸಪ್ಪ, ಗಂಜಿ ತಿಳಿ ಇದ್ದಂಗ. ಮೂರಕ್ಕ ಔಷಧಾ, ಮೂರಕ್ಕ ಗಂಜಿ. ಹೌದಿಲ್ಲೋ?"

ಅವಳ ದನಿಯಲ್ಲಿ ತಪ್ಪೊಪ್ಪಿಗೆ ಇರಲಿಲ್ಲ. ಕಸ ಹೊಡೆದದ್ದನ್ನು ಹೇಳುವ ಹಾಗೆ ಹೇಳಿದಳು.

"ಸಾಹೇಬ್ರ, ಒಂದ ಪಂಕ್ತಿಗೆ ಕುಂದ್ರಿಸಿ ಎರಡು ಥರಾ ಬಡಿಸಬಾರದು. ನಮ್ಮನ್ನ ಬ್ಯಾರೆ ಕುಂದ್ರಿಸಿ ಬ್ಯಾರೆ ಬಡಿಸಿದ್ದು ಉಂಡೀನಿ ನಾ, ಸಾಲಗುಂದದಾಗ. ಅದು ಹೆಂಗಿರ್ತೈತಿ ನನಗ ಗೊತ್ತು. ನನ್ನ ಕೈಲಿ ಅದನ್ನ ಮಾಡಸ್ತೀರೇನು, ಅದೂ ಮೂಕ ಪ್ರಾಣಿಗೆ?"

ಇವತ್ತಿಗೂ ನನ್ನನ್ನು ತಡೆದು ನಿಲ್ಲಿಸುವುದು ಒಂದೇ ಸಂಗತಿ. ಅವಳು ಬಾಟಲಿಗಳನ್ನು ಅದಲುಬದಲು ಮಾಡಬಹುದಿತ್ತು. ಹಳದಿ ಬೆಕ್ಕಿಗೆ ಕಹಿ ಬಾಟಲಿಯನ್ನು ಹಾಕಿ ಸುಮ್ಮನಿರಬಹುದಿತ್ತು. ಹಾಗೆ ಮಾಡಿದ್ದರೆ ನನಗೆ ಅರ್ಥವಾಗುತ್ತಿತ್ತು. ನನ್ನ ಲೆಕ್ಕ ತಲೆಕೆಳಗಾಗುತ್ತಿತ್ತೇ ಹೊರತು ಪೂರ್ತಿ ಹಾಳಾಗುತ್ತಿರಲಿಲ್ಲ. ಅವಳು ಮಾಡಿದ್ದು ಬೇರೆ. ತನ್ನ ಬೆಕ್ಕಿಗೂ ಅರ್ಧ, ಉಳಿದವಕ್ಕೂ ಅರ್ಧ. ತನ್ನ ತಲೆಯ ಮೇಲಿನ ತಗಡು ಆ ಕಣ್ಣುಗಳ ಮೇಲೆ ನಿಂತಿದೆ ಎಂದು ತಿಳಿದೂ, ಇರುವಷ್ಟು ಔಷಧಿಯನ್ನು ಆರಕ್ಕೂ ಸಮನಾಗಿ ಹಂಚಿದ್ದಳು.

ಅವತ್ತು ನನಗೆ ಇದು ಯಾವುದೂ ಕಾಣಲಿಲ್ಲ. ಮೂರು ಭಾನುವಾರ, ಹದಿನಾರು ದಿನ, ಒಂದು ಲೇಖನ ಗಿಲಾಸಿನಲ್ಲಿ ಕಲಸಿ ಹೋಗಿತ್ತು. ಎದ್ದು ನಿಂತೆ. "ನಿನ್ನಂಥೋರಿಗೆ" ಎಂದು ಶುರು ಮಾಡಿದೆ. ಆ ವಾಕ್ಯದ ಉಳಿದ ಭಾಗ ನನ್ನ ನೆನಪಿನಲ್ಲಿ ಇಲ್ಲ. ಎಷ್ಟು ಸಲ ಹುಡುಕಿದರೂ 'ನಿನ್ನಂಥೋರಿಗೆ' ಆದ ಮೇಲೆ ಗಿರಣಿಯ ಯಂತ್ರದ ಸದ್ದು ಮಾತ್ರ ಕೇಳುತ್ತದೆ. ಹೊರಗೆ ಬಂದ ಮೇಲೆ ಕಾಂಪೌಂಡರ, "ಹಂಗ ಅನಬಾರದಿತ್ತು ಸಾಹೇಬ್ರ" ಅಂದ. ನಾನೇನು ಅಂದೆ ಎಂದು ಅವನನ್ನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದ. ಅವನ ಹೆಸರನ್ನು ನಾನು ಬಳಸಿಕೊಂಡ ಹಾಗೆ ಅವನು ನನ್ನ ವಾಕ್ಯವನ್ನು ಎಲ್ಲಿಯೂ ಬಳಸಿಕೊಳ್ಳಲಿಲ್ಲ ಎಂದು ಕಾಣುತ್ತದೆ.

ಮಾಡಿದ್ದು ಮಾತ್ರ ನೆನಪಿದೆ. ಫ್ಲಾಸ್ಕಿನಿಂದ ಎರಡೂ ಬಾಟಲಿ ಎತ್ತಿಕೊಂಡೆ. ಇನ್ನೂ ಐದು ದಿನಕ್ಕೆ ಆಗುವಷ್ಟು ಇತ್ತು. ಅವಳು ಮುಂದೆ ಬಂದಳು.

"ಅದನ್ನ ಯಾಕ ಒಯ್ತೀರಿ? ಎರಡಕ್ಕ ಇನ್ನೂ ಆಗಿಲ್ಲ."

"ನಿನಗ ಔಷಧ ಕೊಟ್ಟು ಏನುಪಯೋಗ?"

"ನನಗಲ್ರಿ, ಬೆಕ್ಕಿಗೆ."

ಎರಡನ್ನೂ ಚೀಲಕ್ಕೆ ಹಾಕಿಕೊಂಡು ನಡೆದೆ. ಅವಳು ಹಿಂದೆ ಬರಲಿಲ್ಲ. ಬಸ್ಸಿನಲ್ಲಿ ಕುಳಿತು ಎರಡೂ ಬಾಟಲಿಯ ಹನಿಯನ್ನು ನಾಲಿಗೆಗೆ ಹಚ್ಚಿ ನೋಡಿದೆ. ಎರಡೂ ಒಂದೇ ರುಚಿ. ಕಹಿ ಇತ್ತೋ ಸಪ್ಪೆ ಇತ್ತೋ ಹೇಳಲಾರೆ. ಪಕ್ಕದಲ್ಲಿ ಕುಳಿತವನು, "ಕೆಮ್ಮಿಂದೇನ್ರಿ?" ಎಂದು ಕೇಳಿದ.

ಮಸ್ಕಿ ತಲುಪಿ, ಸ್ನಾನ ಮಾಡಿ, ಕಾಗದಗಳನ್ನು ಮತ್ತೆ ನೋಡುವಾಗ ಒಂದು ಸಂಗತಿ ಹೊಳೆಯಿತು. ಯಾವತ್ತಿನಿಂದ ಕಲಸಿದಳು ಎಂದು ನಾನು ಕೇಳಿರಲಿಲ್ಲ. ಮೊದಲ ದಿನದಿಂದಲೇ ಕಲಸಿದ್ದರೆ ಆರೂ ಬೆಕ್ಕಿಗೆ ಅರ್ಧ ಔಷಧಿ ಹೋಗಿದೆ. ಆ ಅರ್ಧದಲ್ಲೇ ನಾಲ್ಕು ಗುಣವಾಗಿದ್ದರೆ ನನ್ನ ಹನಿಗೆ ಬಲವಿದೆ ಎಂದು ಇನ್ನೂ ವಾದಿಸಬಹುದು. ಹದಿನಾಲ್ಕನೆಯದೋ ಹದಿನೈದನೆಯದೋ ದಿನ ಕಲಸಿದ್ದರೆ, ಅಲ್ಲಿಯವರೆಗೆ ಬಿಳಿ ದಾರದವು ಬರೀ ಅಂಟಿನಲ್ಲೇ ಗುಣವಾಗಿವೆ, ಹನಿಗೆ ಯಾವ ಬಲವೂ ಇಲ್ಲ. ಎಲ್ಲವೂ ಒಂದು ತಾರೀಖಿನ ಮೇಲೆ ನಿಂತಿತ್ತು, ಆ ತಾರೀಖು ಅವಳ ಹತ್ತಿರ ಇತ್ತು.

ಎಂಟು ದಿನ ಹೋಗಲಿಲ್ಲ. ಬಿಗುಮಾನ. ಒಂಬತ್ತನೆಯ ದಿನ ಹೋದೆ, ಚೀಲದಲ್ಲಿ ಬಾಟಲಿಗಳೂ ಇದ್ದವು. ಗಿರಣಿಯ ಗೇಟಿನ ಮುಂದೆ ಭತ್ತದ ಲಾರಿಗಳು ಸಾಲಾಗಿ ನಿಂತಿದ್ದವು. ಹೊಸ ಭತ್ತ ಬಂದಾಗಿತ್ತು. ಗೇಟಿನ ಸಣ್ಣ ಬಾಗಿಲಲ್ಲಿ ಅವಳೇ ಇದ್ದಳು, ತೆರೆಯಲಿಲ್ಲ. ಕಬ್ಬಿಣದ ಸರಳುಗಳ ಆಚೆ ನಿಂತಳು.

ಇಲ್ಲಿ ಮಾತ್ರ ನನ್ನ ನೆನಪನ್ನು ನಾನು ಅನುಮಾನಿಸುವುದಿಲ್ಲ; ಬಹಳ ಸಲ ಪ್ರಯತ್ನಪಟ್ಟೂ ಇದರ ಕ್ರಮವನ್ನು ಬದಲಾಯಿಸಲು ಆಗಿಲ್ಲ. ನಾನು ಮೊದಲು ಕೇಳಿದ್ದು ಇದು:

"ಯವ್ವಾ, ಯಾವತ್ತಿನಿಂದ ಕಲಸಿದಿ ಅದನ್ನ? ಮೊದಲನೇ ದಿನದಿಂದನ?"

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಇದನ್ನ ಕೇಳಾಕ ಬಂದೀರಿ?"

"ಅಲ್ಲ. ಬೆಕ್ಕಿಂದು ಕಣ್ಣು ಹೆಂಗೈತಿ?"

"ಬೆಕ್ಕಿಂದು ಎರಡನೇದಕ್ಕ ಕೇಳಿದ್ರಲ್ಲ, ಈಗ."

"ಔಷಧ ತಂದೀನಿ."

"ನೀವು ತಂದದ್ದು ಎರಡು ಸಲ ಹಾಕೀನಿ. ಸಾಕು."

"ಒಂದು ಸಲ ನೋಡಿ ಹೋಗ್ತೀನಿ, ಬಾಗ್ಲಾ ತಗಿ."

"ಮಾಲೀಕರು ನೋಡಿ ಹೋಗ್ಯಾರ. ನೀವು ನೋಡೋದೇನಿಲ್ಲ."

"ಏನಂದ್ರು ಅವ್ರು?"

"ಏನಂದ್ರು ಅಂತ ನನಗ ಗೊತ್ತೈತಿ."

ಹಿಂದೆ ಒಂದು ಲಾರಿ ಹಾರ್ನ್ ಹೊಡೆಯಿತು. ಅವಳು ದೊಡ್ಡ ಗೇಟು ತೆಗೆಯಲು ಆ ಕಡೆ ಹೋದಳು. ಲಾರಿ ಒಳಗೆ ಹೋಗುವಾಗ ನಾನೂ ಅದರ ಪಕ್ಕದಲ್ಲಿ ನುಗ್ಗಬಹುದಿತ್ತು. ನನ್ನನ್ನು ಯಾರೂ ತಡೆಯುತ್ತಿರಲಿಲ್ಲ. ಡಾಕ್ಟರು ಎಂದು ಎಲ್ಲರಿಗೂ ಗೊತ್ತಿತ್ತು. ಧೂಳಿನಲ್ಲಿ ನಿಂತೆ. ಗೇಟು ಮುಚ್ಚಿತು. ಅವಳನ್ನು ಹೊರಗೆ ಹಾಕುವ ಮಾತಾಗಿದ್ದರೆ ಅವಳು ಗೇಟು ತೆಗೆಯುವ ಕೆಲಸ ಮಾಡುತ್ತಿರಲಿಲ್ಲ ಎಂದು ಬಸ್ಸಿನಲ್ಲಿ ನನಗೆ ನಾನೇ ಹೇಳಿಕೊಂಡೆ. ಲೆಕ್ಕ ಚುಕ್ತಾ ಆಗುವವರೆಗೆ ಕೆಲಸ ಮಾಡಿಸಿಕೊಳ್ಳುವುದೂ ಉಂಟು ಎಂದು ಅದೇ ಬಸ್ಸಿನಲ್ಲೇ ಹೊಳೆಯಿತು.

ಮುಂದಿನ ತಿಂಗಳು ನನಗೆ ವರ್ಗಾವಣೆಯಾಯಿತು, ನಾನು ಕನಸಿದ ಊರಿಗಲ್ಲ. ಲೇಖನ ಬರೆಯಲಿಲ್ಲ. ಬೇರೆಯವರು ಬೇರೆ ಕಡೆ ಬೆಕ್ಕಿನ ಕಣ್ಣಿಗೆ ಔಷಧಿಗಳನ್ನು ಕಂಡುಹಿಡಿದರು ಎಂದು ಆಮೇಲೆ ಓದಿದೆ. ಆ ಹಳೆಯ ಹನಿ ಬೆಕ್ಕಿನ ವೈರಸ್ಸಿನ ಮೇಲೆ ಕೆಲಸ ಮಾಡುತ್ತದೆ ಎಂದೂ ಓದಿದೆ. ಆದರೆ ನನ್ನ ಅಂಟಿನಲ್ಲಿ, ನನ್ನ ಬಾಟಲಿಯಲ್ಲಿ, ಅರ್ಧವಾಗಿ, ಆ ಆರು ಬೆಕ್ಕುಗಳ ಮೇಲೆ ಅದು ಕೆಲಸ ಮಾಡಿತೋ, ಅವು ತಾವಾಗಿಯೇ ಗುಣವಾದವೋ, ನನಗೆ ಗೊತ್ತಿಲ್ಲ. ಬಾಟಲಿಗಳು ಯಾವ ದಿನ ಒಂದಾದವು, ಗೊತ್ತಿಲ್ಲ. ನಾನು ಎತ್ತಿಕೊಂಡು ಹೋದ ಐದು ದಿನದ ಔಷಧಿ ಇಲ್ಲದೆ ಹಳದಿ ಬೆಕ್ಕಿನ ಬಲಗಣ್ಣು ಏನಾಯಿತು, ಗೊತ್ತಿಲ್ಲ. ಗೋಡೌನಿನಲ್ಲಿ ವಿಷ ಇಟ್ಟರೋ ಇಲ್ಲವೋ, ಆ ವರ್ಷದ ಭತ್ತ ಖಾಲಿಯಾಗುವ ಹೊತ್ತಿಗೆ ಅವಳು ಆ ತಗಡಿನ ಕೆಳಗೆ ಇದ್ದಳೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.